ಉಚಿತ ಟಿಕೆಟ್ ಕೈಯಲ್ಲಿದೆ, ವಿಮಾನ ಎಲ್ಲಿದೆ?

ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೆ ವಿಮಾನ ಸಂಸ್ಥೆಯೊಂದು ‘ಉಚಿತ ಪ್ರಯಾಣ’ ಎಂದು ಕೊಡುವ ವೋಚರನ್ನು ಮಾತ್ರ ಹಲ್ಲು ಎಣಿಸಿಯೇ ಸ್ವೀಕರಿಸಬೇಕು. ಏಕೆ ಎಂಬುದನ್ನು ಇಲ್ಲಿ ನೋಡೋಣ.

ನೀವು ಬಸವಕಲ್ಯಾಣದ ಕಾಲೇಜೊಂದರಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿದ್ದೀರಿ ಎಂದಿಟ್ಟುಕೊಳ್ಳಿ. ನೌಕರಿಯಲ್ಲಿರುವ ನಿಮ್ಮ ಸೋದರಮಾವನಿಗೆ ಬ್ಯಾಂಕ್ ಕಾರ್ಡಿನ ಮೇಲೆ ಒಂದು ವೋಚರ್ ಬಂದಿದೆ. “ಬೆಂಗಳೂರಿನ ಇಂಟರ್‌ವ್ಯೂಗೆ ಈ ಸಲ ವಿಮಾನದಾಗ ಹೋಗಿ ಬಾ” ಎಂದು ಅದನ್ನು ನಿಮಗೆ ಕೊಡುತ್ತಾರೆ. ನೀವು ಸಂತೋಷದಿಂದ ಹುಡುಕಲು ಕುಳಿತುಕೊಳ್ಳುತ್ತೀರಿ. ನಿಮಗೆ ಬೇಕಾದ ಸೋಮವಾರ ವೋಚರಿಗೆ ಸೀಟಿಲ್ಲ. ಭಾನುವಾರವೂ ಇಲ್ಲ. ಮಂಗಳವಾರ ಇದೆ, ಆದರೆ ಇಂಟರ್‌ವ್ಯೂ ಅಷ್ಟರಲ್ಲಿ ಮುಗಿದಿರುತ್ತದೆ. ದುಡ್ಡು ಕೊಟ್ಟು ಕೊಳ್ಳುವುದಾದರೆ ಅದೇ ಸೋಮವಾರದ ವಿಮಾನದಲ್ಲಿ ಬೇಕಾದಷ್ಟು ಸೀಟು ಖಾಲಿ ಕಾಣುತ್ತಿವೆ! ಇದು ಮೋಸವೇ? ಅಲ್ಲ. ಇದರ ಹಿಂದೆ ಒಂದು ಲೆಕ್ಕವಿದೆ. ಆ ಲೆಕ್ಕ ತಿಳಿದವರು ಮಾತ್ರ ವೋಚರಿನಿಂದ ಲಾಭ ಪಡೆಯುತ್ತಾರೆ.

ವೋಚರ್ ಎಂದರೇನು?

ವಿಮಾನದ ವೋಚರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸೀಟಿನ ವೋಚರ್. ದೂರ ಎಷ್ಟೇ ಇರಲಿ, ಒಂದು ಸೀಟು ಕೊಡುತ್ತೇವೆ ಎಂಬ ವಚನ ಇದರಲ್ಲಿರುತ್ತದೆ. ಎರಡನೆಯದು ಹಣದ ವೋಚರ್. ಇಂತಿಷ್ಟು ರೂಪಾಯಿಯನ್ನು ಟಿಕೆಟ್ ದರದಲ್ಲಿ ಕಳೆಯುತ್ತೇವೆ ಎಂಬುದು ಇದರ ಅರ್ಥ. ಮೂರನೆಯದು, ವಿಮಾನ ರದ್ದಾದಾಗ ಹಣ ಮರಳಿಸುವ ಬದಲು ಅಷ್ಟೇ ಮೊತ್ತವನ್ನು ಮುಂದಿನ ಪ್ರಯಾಣಕ್ಕೆ ಜಮೆ ಇಟ್ಟುಕೊಳ್ಳುವುದು.

ನಿಮ್ಮ ಕೈಯಲ್ಲಿರುವುದು ಯಾವ ಬಗೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಹಣದ ವೋಚರನ್ನು ಬೇಕಾದ ವಿಮಾನಕ್ಕೆ ಬಳಸುವುದು ಸಾಮಾನ್ಯವಾಗಿ ಸುಲಭ. ಕಷ್ಟ ಇರುವುದು ಸೀಟಿನ ವೋಚರಿನಲ್ಲಿ.

ಖಾಲಿ ಸೀಟಿನ ಲೆಕ್ಕ

ಹುಮನಾಬಾದಿನ ಕಿರಾಣಿ ಅಂಗಡಿಯಲ್ಲಿ ಇಂದು ಮಾರಾಟವಾಗದ ತೊಗರಿಬೇಳೆಯನ್ನು ನಾಳೆ ಮಾರಬಹುದು. ವಿಮಾನದ ಸೀಟು ಹಾಗಲ್ಲ. ವಿಮಾನದ ಬಾಗಿಲು ಮುಚ್ಚಿದ ಕ್ಷಣ ಖಾಲಿ ಸೀಟಿನ ಬೆಲೆ ಸೊನ್ನೆ. ಸೊಪ್ಪು ಮಾರುವವರು ಸಂಜೆ ಬೆಲೆ ಇಳಿಸುವುದೂ ಇದೇ ಕಾರಣಕ್ಕೆ.

ಆದ್ದರಿಂದ ವಿಮಾನ ಸಂಸ್ಥೆ ಒಂದೇ ವಿಮಾನದ ಸೀಟುಗಳನ್ನು ಹಲವು ದರಗಳ ಗುಂಪುಗಳಾಗಿ ಹಂಚುತ್ತದೆ. ಮೊದಲು ಬಂದವರಿಗೆ ಕಡಿಮೆ ದರದ ಕೆಲವು ಸೀಟು, ಕೊನೆಗಳಿಗೆಯಲ್ಲಿ ಓಡಿ ಬಂದವರಿಗೆ ಹೆಚ್ಚಿನ ದರದ ಸೀಟು. ಹಳೆಯ ದಾಖಲೆ ನೋಡಿ, ಯಾವ ದಿನ ಎಷ್ಟು ಸೀಟು ಮಾರಾಟವಾಗದೆ ಉಳಿಯಬಹುದೆಂದು ಕಂಪ್ಯೂಟರ್ ಅಂದಾಜು ಮಾಡುತ್ತದೆ. ಹಾಗೆ ಉಳಿಯುವ ಸೀಟುಗಳಲ್ಲಿ ಒಂದು ಭಾಗವನ್ನು ವೋಚರಿನವರಿಗೆ ಬಿಟ್ಟುಕೊಡುತ್ತಾರೆ. ಸೋಮವಾರದ ಸೀಟುಗಳನ್ನು ದುಡ್ಡು ಕೊಟ್ಟು ಕೊಳ್ಳುವವರು ಕೊನೆಯ ದಿನದವರೆಗೂ ಬರುತ್ತಾರೆ ಎಂಬ ನಂಬಿಕೆ ಇರುವುದರಿಂದ ಅಂದು ವೋಚರಿಗೆ ಬಾಗಿಲು ಮುಚ್ಚಿರುತ್ತದೆ.

ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ 1981ರಲ್ಲಿ, ಹಾರಿದ ದೂರಕ್ಕೆ ತಕ್ಕಂತೆ ಅಂಕ ಕೊಟ್ಟು, ಅಂಕಕ್ಕೆ ಪ್ರತಿಯಾಗಿ ಉಚಿತ ಸೀಟು ಕೊಡುವ ಯೋಜನೆ ಆರಂಭಿಸಿತು. ಉಳಿಯುವ ಸೀಟನ್ನು ಕೊಟ್ಟು ಕಾಯಂ ಗಿರಾಕಿಯನ್ನು ಸಂಪಾದಿಸುವುದು ಅದರ ಉದ್ದೇಶ. ನಮ್ಮಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್, ಒಂದು ರೂಪಾಯಿಯ ಟಿಕೆಟ್ ಮಾರಿ ದೇಶದ ಗಮನ ಸೆಳೆಯಿತು. ಅಲ್ಲಿಯೂ ಸೂತ್ರ ಇದೇ. ಒಂದು ರೂಪಾಯಿಯ ಸೀಟುಗಳು ಕೆಲವೇ; ಮೊದಲು ಹುಡುಕಿದವರಿಗೆ ಅವು ಸಿಕ್ಕವು.

ಇದನ್ನು ನಮ್ಮ ರಾಜ್ಯದ ‘ಶಕ್ತಿ’ ಯೋಜನೆಯೊಂದಿಗೆ ಹೋಲಿಸಿ ನೋಡಿ. 2023ರ ಜೂನ್ 11ರಂದು ಆರಂಭವಾದ ಈ ಯೋಜನೆಯಲ್ಲಿ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣ ಮಾಡುತ್ತಾರೆ. ಅಲ್ಲಿ ಹರಿಯುವ ಪ್ರತಿ ಶೂನ್ಯ ದರದ ಟಿಕೆಟಿನ ಲೆಕ್ಕದ ಮೇಲೆ ಸರಕಾರ ಸಾರಿಗೆ ನಿಗಮಕ್ಕೆ ಹಣ ಕೊಡುತ್ತದೆ. ಹೀಗಾಗಿ ಸೋಮವಾರ ಬೇಡ, ಮಂಗಳವಾರ ಬನ್ನಿ ಎಂದು ಕಂಡಕ್ಟರ್ ಹೇಳುವುದಿಲ್ಲ. ವಿಮಾನ ಸಂಸ್ಥೆ ತಾನೇ ಹಂಚಿದ ವೋಚರಿನ ಸೀಟಿಗೆ ಹಣ ತುಂಬಿಕೊಡುವವರು ಬೇರೆ ಇಲ್ಲ. ಆ ಸೀಟು ದುಡ್ಡು ಕೊಡುವ ಗಿರಾಕಿಯನ್ನು ತಪ್ಪಿಸಬಾರದು ಎಂಬುದಷ್ಟೇ ಅದರ ಎಚ್ಚರ.

ಹೂವರ್ ಕಂಪನಿಯ ಪಾಠ

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ? 1992ರಲ್ಲಿ ಬ್ರಿಟನ್ನಿನ ಹೂವರ್ ಎಂಬ ಗೃಹೋಪಕರಣಗಳ ಕಂಪನಿ, 100 ಪೌಂಡಿನಷ್ಟು ಸಾಮಾನು ಕೊಂಡವರಿಗೆ ಎರಡು ವಿಮಾನ ಟಿಕೆಟ್ ಉಚಿತ ಎಂದು ಸಾರಿತು. ಮೊದಲು ಯೂರೋಪಿಗೆ, ಆಮೇಲೆ ಅಮೆರಿಕಕ್ಕೆ. ಅರ್ಜಿಯ ಮೇಲೆ ಅರ್ಜಿ, ಕೇಳಿದ ದಿನ ಒಂದಾದರೆ ಕೊಡುವ ದಿನ ಇನ್ನೊಂದು. ಇದರಿಂದ ಬೇಸತ್ತು ಬಹಳ ಜನ ಕೈಬಿಡುತ್ತಾರೆ ಎಂದು ಕಂಪನಿ ನಂಬಿತ್ತು. ಜನ ಕೈಬಿಡಲಿಲ್ಲ. ಟಿಕೆಟಿಗಾಗಿಯೇ ಬೇಡದ ಯಂತ್ರಗಳನ್ನು ಕೊಂಡರು. ಟಿಕೆಟ್ ಸಿಗದವರು ನ್ಯಾಯಾಲಯಕ್ಕೂ ಹೋದರು. ಕಂಪನಿಗೆ ಸುಮಾರು 5 ಕೋಟಿ ಪೌಂಡ್ ನಷ್ಟವಾಯಿತು.

ಇಲ್ಲಿ ಗಮನಿಸಬೇಕಾದುದು ಒಂದು. ಬೇಸತ್ತು ಬಿಟ್ಟವನ ವೋಚರ್ ಕೊಟ್ಟವನಿಗೇ ಲಾಭ. ಆದ್ದರಿಂದ ಬೇಸರಿಸದೆ, ಕ್ರಮವಾಗಿ ಹುಡುಕುವುದನ್ನು ಕಲಿಯಬೇಕು.

ನಮ್ಮ ಸುತ್ತಲಿನ ಮೂರು ನಿಲ್ದಾಣಗಳು

ಬಸವಕಲ್ಯಾಣಕ್ಕಾಗಲಿ ಹುಮನಾಬಾದಿಗಾಗಲಿ ಸ್ವಂತ ವಿಮಾನ ನಿಲ್ದಾಣವಿಲ್ಲ. ಆದರೆ ಸುತ್ತ ಮೂರು ನಿಲ್ದಾಣಗಳಿವೆ. ಹುಮನಾಬಾದಿನಿಂದ ಬೀದರ್ ಸುಮಾರು 50 ಕಿ.ಮೀ., ಕಲಬುರಗಿ ಸುಮಾರು 65 ಕಿ.ಮೀ. ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಜಹೀರಾಬಾದ್, ಸಂಗಾರೆಡ್ಡಿ ದಾಟಿ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಹೋಗಬೇಕು.

ಬೀದರಿನ ಕಥೆ ಕೇಳುವಂಥದ್ದು. 2008ರಲ್ಲಿ ಶಂಷಾಬಾದ್ ನಿಲ್ದಾಣ ಆರಂಭವಾದಾಗ, ಅದರ ಸುತ್ತ 150 ಕಿ.ಮೀ. ಒಳಗೆ ಇನ್ನೊಂದು ನಾಗರಿಕ ನಿಲ್ದಾಣ ಬರಬಾರದೆಂಬ ಷರತ್ತು ಒಪ್ಪಂದದಲ್ಲಿತ್ತು. ಬೀದರಿಗೆ ಇದು ಹಲವು ವರ್ಷ ತೊಡಕಾಯಿತು. ಕೊನೆಗೆ 2020ರ ಫೆಬ್ರುವರಿ 7ರಂದು ಅಲ್ಲಿಂದ ಬೆಂಗಳೂರಿಗೆ ವಿಮಾನ ಹಾರಿತು. ಆ ಸಂಸ್ಥೆಯ ಸೇವೆ ನಿಂತ ಮೇಲೆ 2022ರಲ್ಲಿ ಮತ್ತೊಂದು ಸಂಸ್ಥೆ ಬಂತು. 2023ರ ಕೊನೆಯಲ್ಲಿ ಅದೂ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾಯಿತು. ಕಲಬುರಗಿ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು.

ಹೀಗೆ ಬರುವುದು, ನಿಲ್ಲುವುದು ಏಕೆ? ಚಿಕ್ಕ ಊರುಗಳಿಗೆ ವಿಮಾನ ತರಲು ಕೇಂದ್ರ ಸರಕಾರ ‘ಉಡಾನ್’ ಯೋಜನೆ ಮಾಡಿದೆ. ಅದರ ಮೊದಲ ವಿಮಾನ 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ದೆಹಲಿಗೆ ಹಾರಿತು. ಸೀಟುಗಳ ಒಂದು ಭಾಗವನ್ನು ನಿಗದಿತ ಕಡಿಮೆ ದರಕ್ಕೆ ಮಾರುವುದರಿಂದ ಆಗುವ ಕೊರತೆಯನ್ನು ಸಾಮಾನ್ಯವಾಗಿ ಮೂರು ವರ್ಷ ತುಂಬಿಕೊಡುತ್ತಾರೆ. ಆ ನೆರವು ನಿಂತ ಮೇಲೆ, ಸೀಟು ತುಂಬದ ಮಾರ್ಗದಲ್ಲಿ ಸಂಸ್ಥೆ ಉಳಿಯುವುದು ಕಷ್ಟ. ಇದಲ್ಲದೆ ದೇಶದ ವಿಮಾನ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಬದಲಾಗುತ್ತದೆ. ಕಳೆದ ವರ್ಷ ನೋಡಿದ ವಿಮಾನ ಈ ವರ್ಷವೂ ಇದೆಯೆಂದು ತಿಳಿಯಬೇಡಿ.

ಇನ್ನೂ ಒಂದು ವಿಷಯ. ವೋಚರ್ ಯಾವ ಸಂಸ್ಥೆಯದೋ ಆ ಸಂಸ್ಥೆಯ ವಿಮಾನಕ್ಕೇ ಸಾಮಾನ್ಯವಾಗಿ ನಡೆಯುತ್ತದೆ. ಬೀದರಿನಲ್ಲೋ ಕಲಬುರಗಿಯಲ್ಲೋ ಬೇರೆ ಸಂಸ್ಥೆಯ ಒಂದು ವಿಮಾನ ಇದ್ದರೆ ಅದು ನಿಮ್ಮ ವೋಚರಿಗೆ ಉಪಯೋಗವಿಲ್ಲ. ಹೀಗಾಗಿ ನಮ್ಮ ಭಾಗದವರಿಗೆ ಹೆಚ್ಚಾಗಿ ಉಳಿಯುವ ದಾರಿ ಶಂಷಾಬಾದ್. ವಿದ್ಯಾರ್ಥಿನಿಯರೇ, ಬೀದರಿಗೂ ಕಲಬುರಗಿಗೂ ಸಾಮಾನ್ಯ ಬಸ್ಸಿನಲ್ಲಿ ಹೋದರೆ ‘ಶಕ್ತಿ’ ಟಿಕೆಟ್ ನಡೆಯುತ್ತದೆ; ಹೈದರಾಬಾದಿನ ಬಸ್ಸು ಅಂತರರಾಜ್ಯ ಬಸ್ಸಾದ್ದರಿಂದ ನಡೆಯುವುದಿಲ್ಲ.

ಹುಡುಕುವ ಕ್ರಮ

ಮೊದಲು ವೋಚರಿನ ಷರತ್ತುಗಳನ್ನು ಓದಿ. ಅದರಲ್ಲಿ ಎರಡು ತಾರೀಖುಗಳಿರಬಹುದು: ಟಿಕೆಟ್ ಬುಕ್ ಮಾಡಲು ಕೊನೆಯ ದಿನ ಮತ್ತು ಪ್ರಯಾಣ ಮುಗಿಸಲು ಕೊನೆಯ ದಿನ. ಎರಡನ್ನೂ ಒಂದೇ ಎಂದು ತಿಳಿದವರ ವೋಚರ್ ಕೈಯಲ್ಲೇ ಸತ್ತುಹೋಗುತ್ತದೆ. ದಸರಾ, ದೀಪಾವಳಿ, ಬೇಸಿಗೆ ರಜೆಗಳಲ್ಲಿ ವೋಚರ್ ನಡೆಯದ ದಿನಗಳಿರಬಹುದು. ಬೇರೆಯವರ ಹೆಸರಿಗೆ ಟಿಕೆಟ್ ಮಾಡಬಹುದೇ ಎಂಬುದನ್ನೂ ನೋಡಿ. ಟಿಕೆಟಿನ ಹೆಸರು ನಿಮ್ಮ ಗುರುತಿನ ಚೀಟಿಯ ಹೆಸರಿಗೆ ಹೊಂದಬೇಕು.

ಆಮೇಲೆ ದಿನ ಸಡಿಲಿಸಿ. ವಾರದ ನಡುವಿನ ದಿನಗಳಲ್ಲಿ ಸೀಟು ಸಿಗುವ ಸಂಭವ ಹೆಚ್ಚು. ಒಂದೇ ದಿನ ನೋಡುವ ಬದಲು ಹಿಂದೆ ಮುಂದೆ ಹತ್ತು ದಿನ ನೋಡಿ.

ಬಳಿಕ ಹೊತ್ತು ಸಡಿಲಿಸಿ. ನಸುಕಿನ ಮತ್ತು ತಡರಾತ್ರಿಯ ವಿಮಾನಗಳನ್ನು ಜನ ಅಷ್ಟಾಗಿ ಬಯಸುವುದಿಲ್ಲ. ಆದರೆ ನಸುಕಿನ ವಿಮಾನ ಹಿಡಿಯಲು ಹುಮನಾಬಾದಿನವರು ಹಿಂದಿನ ಸಂಜೆಯೇ ಹೊರಡಬೇಕು. ತಡರಾತ್ರಿ ಇಳಿದವರು ಊರಿನ ಬಸ್ಸಿಗೆ ಬೆಳಗಿನವರೆಗೆ ಕಾಯಬೇಕಾಗಬಹುದು. ಆ ಒಂದು ರಾತ್ರಿ ಎಲ್ಲಿ ಕಳೆಯಬೇಕೆಂದು ಮೊದಲೇ ಯೋಚಿಸಿ.

ಇನ್ನು ಊರು ಸಡಿಲಿಸಿ. ಮುಂಬಯಿಗೆ ಸೀಟಿಲ್ಲದಿದ್ದರೆ ಪುಣೆಗೆ ಇರಬಹುದು. ಹೋಗುವುದು ಮತ್ತು ಬರುವುದನ್ನು ಬೇರೆ ಬೇರೆಯಾಗಿಯೂ ಹುಡುಕಿ. ಹಲವು ತಿಂಗಳು ಮೊದಲೇ ಒಮ್ಮೆ ನೋಡಿ. ಸಿಗದಿದ್ದರೆ ಪ್ರಯಾಣಕ್ಕೆ ಒಂದೆರಡು ವಾರ ಇರುವಾಗ ಮತ್ತೆ ನೋಡಿ. ಮಾರಾಟವಾಗದ ಸೀಟುಗಳನ್ನು ಆಗ ಬಿಟ್ಟುಕೊಡುವುದುಂಟು.

‘ಉಚಿತ’ದ ನಿಜವಾದ ಬೆಲೆ

ಟಿಕೆಟಿನ ಹಣದಲ್ಲಿ ಮೂಲ ದರ ಒಂದು ಭಾಗ. ನಿಲ್ದಾಣದ ಶುಲ್ಕ, ಭದ್ರತಾ ಶುಲ್ಕ, ಸಾಮಾನ್ಯ ದರ್ಜೆಗೆ ಶೇಕಡಾ 5ರ ಜಿ.ಎಸ್.ಟಿ. ಇವು ಇನ್ನೊಂದು ಭಾಗ. ಅನೇಕ ವೋಚರುಗಳು ಮೂಲ ದರವನ್ನು ಮಾತ್ರ ಮನ್ನಾ ಮಾಡುತ್ತವೆ.

ಲೆಕ್ಕ ಕಲಿಯಲು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಹೈದರಾಬಾದ್–ಬೆಂಗಳೂರು ಟಿಕೆಟ್ 4,500 ರೂ. ಎಂದುಕೊಳ್ಳಿ. ವೋಚರ್ ಬಳಸಿದರೆ ತೆರಿಗೆ, ಶುಲ್ಕ ಸೇರಿ 1,100 ರೂ. ಕೊಡಬೇಕು. ಬಸವಕಲ್ಯಾಣದಿಂದ ಶಂಷಾಬಾದಿಗೆ ಬಸ್ ಖರ್ಚು 700, ಬೆಂಗಳೂರಿನಲ್ಲಿ ನಿಲ್ದಾಣದಿಂದ ಊರೊಳಗೆ 300. ಒಟ್ಟು 2,100 ರೂ. ರಾತ್ರಿ ಬಸ್ಸಿನ ದರ 1,300 ರೂ. ಎಂದಾದರೆ, ‘ಉಚಿತ’ ಪ್ರಯಾಣ 800 ರೂ. ದುಬಾರಿಯಾಯಿತು! ಹೊತ್ತಾದರೂ ಉಳಿಯಿತೇ? ರಸ್ತೆಯಲ್ಲಿ ನಾಲ್ಕೈದು ತಾಸು, ನಿಲ್ದಾಣದಲ್ಲಿ ಎರಡು ತಾಸು, ಹಾರಾಟ ಒಂದೂಕಾಲು ತಾಸು, ಬೆಂಗಳೂರಿನ ಸಂಚಾರದಲ್ಲಿ ಎರಡು ತಾಸು. ಹತ್ತು ತಾಸು ಹೋಯಿತು, ಅದೂ ಹಗಲಿನದು.

ಇದೇ ವೋಚರನ್ನು ದೆಹಲಿಗೋ ಗುವಾಹಟಿಗೋ ಬಳಸಿದರೆ ಲೆಕ್ಕ ತಿರುಗಿಬಿಡುತ್ತದೆ. ಅಲ್ಲಿ ರೈಲಿನ ಪ್ರಯಾಣ ದಿನಗಟ್ಟಲೆ, ವಿಮಾನದ ದರವೂ ಹೆಚ್ಚು. ಆದ್ದರಿಂದ ಸೀಟಿನ ವೋಚರನ್ನು ದೂರದ, ದುಬಾರಿಯ, ಅವಸರವಿಲ್ಲದ ಪ್ರಯಾಣಕ್ಕೆ ಉಳಿಸಿಕೊಳ್ಳುವುದು ಜಾಣತನ.

ಯಾವಾಗ ಬಳಸಬಾರದು?

ಪರೀಕ್ಷೆ, ಇಂಟರ್‌ವ್ಯೂ, ಕಾಲೇಜಿನ ಪ್ರವೇಶದ ಕೌನ್ಸೆಲಿಂಗ್ – ಇವುಗಳಿಗೆ ಹೋಗುವಾಗ ವೋಚರನ್ನು ನಂಬಿ ಕೂಡಬೇಡಿ. ಸೀಟು ಸಿಕ್ಕೀತೆಂದು ಕಾಯುತ್ತಾ ಕುಳಿತರೆ ಅಷ್ಟರಲ್ಲಿ ರೈಲಿನ ಸೀಟುಗಳೂ ಮುಗಿದಿರುತ್ತವೆ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೋ ರಾತ್ರಿ ಬಸ್ಸಿನಲ್ಲೋ ಒಂದು ದಿನ ಮುಂಚೆ ತಲುಪಿಕೊಳ್ಳಿ. ಮರಳಿ ಬರುವಾಗ ಅವಸರವಿಲ್ಲ. ಆಗ ವೋಚರ್ ಬಳಸಿ. ಒಂದು ದಿನ ತಡವಾದರೆ ಹೋಗುವುದೇನೂ ಇಲ್ಲ.

ವೋಚರನ್ನು ವರ್ಷಗಟ್ಟಲೆ ಕೂಡಿಡುವುದೂ ಬೇಡ. ಅದು ಸಂಸ್ಥೆ ನಿಮಗೆ ತೀರಿಸಬೇಕಾದ ಸಾಲವಿದ್ದಂತೆ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ವಿಮಾನವೇ ಹಾರದಿದ್ದರೆ ವೋಚರ್ ಬರಿಯ ಕಾಗದ.

ಹಣಕ್ಕೆ ಬದಲಾಗಿ ವೋಚರ್ ಕೊಡಬಂದರೆ ನಿಮ್ಮ ಹಕ್ಕು ತಿಳಿದಿರಲಿ. ಮರಳಿ ಬರಬೇಕಾದ ಹಣವನ್ನು ಜಮೆ ಇಡಬೇಕೋ ನಗದಾಗಿ ಪಡೆಯಬೇಕೋ ಎಂಬುದು ಪ್ರಯಾಣಿಕನ ಇಚ್ಛೆ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಹೇಳುತ್ತದೆ. ಕೊರೋನಾ ಕಾಲದಲ್ಲಿ ರದ್ದಾದ ಟಿಕೆಟುಗಳ ಬಗ್ಗೆ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಆದೇಶ ನೀಡಿತು. ಜಮೆಯಲ್ಲಿಟ್ಟ ಮೊತ್ತವನ್ನು ಬಳಸಲು 2021ರ ಮಾರ್ಚ್ 31ರವರೆಗೆ ಅವಕಾಶ, ಬಳಸದೆ ಉಳಿದುದನ್ನು ಮರಳಿಸಬೇಕು ಎಂದು ಅದರಲ್ಲಿತ್ತು.

ಉಚಿತ ಟಿಕೆಟ್ ಎಂದರೆ ಸಂಸ್ಥೆಗೆ ಬೇಡವಾದ ಸೀಟು ಎಂಬುದು ಈಗ ನಿಮಗೆ ತಿಳಿಯಿತು. ಆ ಸೀಟು ಸಿಗುವ ದಿನಕ್ಕೆ ನಿಮ್ಮ ಕೆಲಸ ಹೊಂದುವಂತಿದ್ದರೆ ಸಂತೋಷದಿಂದ ಹಾರಿ. ಹೊಂದದಿದ್ದರೆ ಆ ವೋಚರಿಗಾಗಿ ಕೆಲಸ ಕೆಡಿಸಿಕೊಳ್ಳದೆ ರಾತ್ರಿ ಬಸ್ಸು ಹತ್ತಿ.

ಯೋಚಿಸಿ ನೋಡಿ

1. ನಿಮ್ಮ ಊರಿನಿಂದ ಬೀದರ್, ಕಲಬುರಗಿ, ಶಂಷಾಬಾದ್ ನಿಲ್ದಾಣಗಳಿಗೆ ಹೋಗುವ ಖರ್ಚು ಮತ್ತು ಸಮಯದ ಪಟ್ಟಿ ಮಾಡಿ.

2. ಸಿನಿಮಾ ಮಂದಿರದ ಸೀಟು, ಬಸ್ಸಿನ ಸೀಟು, ಅಂಗಡಿಯ ಬೇಳೆ – ಇವುಗಳಲ್ಲಿ ವಿಮಾನದ ಸೀಟಿನಂತೆ ವರ್ತಿಸುವುದು ಯಾವುದು? ಏಕೆ?

3. ಬೀದರಿನ ವಿಮಾನ ಸೇವೆ ಸರಕಾರದ ನೆರವಿಲ್ಲದೆ ನಡೆಯಬೇಕಾದರೆ ಏನೇನು ಆಗಬೇಕು? ಗೆಳೆಯರೊಂದಿಗೆ ಚರ್ಚಿಸಿ.