ಇರುಳನ್ನು ಅಳೆಯುವ ಗಿಡ

ಗಾಂಜಾ ಗಿಡವನ್ನು ಬಯಲಿನಲ್ಲಿ ಬೆಳೆಯುವುದಕ್ಕೂ ಮುಚ್ಚಿದ ಕೋಣೆಯಲ್ಲಿ ದೀಪ ಹಚ್ಚಿ ಬೆಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಬೆಳಕಿನ ಪ್ರಮಾಣದ ಲೆಕ್ಕದಲ್ಲಷ್ಟೇ ನೋಡಿದರೆ ವಿಷಯದ ಅರ್ಧ ಭಾಗ ಕೈತಪ್ಪುತ್ತದೆ. ಬೆಳಕು ಗಿಡಕ್ಕೆ ಆಹಾರ ತಯಾರಿಕೆಯ ಶಕ್ತಿಯನ್ನು ಒದಗಿಸುತ್ತದೆ. ಅದರ ಜೊತೆಗೆ ಈಗ ಯಾವ ಋತು ನಡೆಯುತ್ತಿದೆ ಎಂಬ ಸೂಚನೆಯನ್ನೂ ಕೊಡುತ್ತದೆ. ಹಗಲು ದೀರ್ಘವಾಗಿರುವ ತಿಂಗಳುಗಳಲ್ಲಿ ಗಾಂಜಾ ಗಿಡ ಕಾಂಡ, ರೆಂಬೆ, ಎಲೆಗಳನ್ನು ಮಾತ್ರ ಬೆಳೆಸಿಕೊಳ್ಳುತ್ತಾ ಹೋಗಿ, ರಾತ್ರಿಯ ಉದ್ದ ಒಂದು ಮಿತಿಯನ್ನು ದಾಟಿದ ಮೇಲೆ ಹೂಬಿಡಲು ತೊಡಗುತ್ತದೆ. ಹಗಲು-ರಾತ್ರಿಗಳ ಅವಧಿಗೆ ತಕ್ಕಂತೆ ಸಸ್ಯಗಳು ತಮ್ಮ ಬೆಳವಣಿಗೆಯ ಹಂತವನ್ನು ಬದಲಿಸುವ ಈ ಗುಣವನ್ನು ದ್ಯುತಿ ಅವಧಿ ಪ್ರತಿಕ್ರಿಯೆ ಎನ್ನುತ್ತಾರೆ. ಗಾಂಜಾದಂತೆ ರಾತ್ರಿ ದೀರ್ಘವಾದಾಗ ಹೂಬಿಡುವವು ಕಿರುಹಗಲಿನ ಸಸ್ಯಗಳು ಎನಿಸಿಕೊಳ್ಳುತ್ತವೆ.

ಈ ಗುಣದ ಅರಿವು ಮೂಡುವಲ್ಲಿ ಗಾಂಜಾದ ಕುಲಕ್ಕೇ ಸೇರಿದ ಹೆಂಪ್ ಗಿಡ, ಅಂದರೆ ನಾರು ಮತ್ತು ಬೀಜಕ್ಕಾಗಿ ಬೆಳೆಯುವ ತಳಿ, ದೊಡ್ಡ ಪಾತ್ರ ವಹಿಸಿತು ಎಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ. ಫ್ರಾನ್ಸಿನ ಸಸ್ಯವಿಜ್ಞಾನಿ ಜೂಲಿಯೆನ್ ಟೂರ್ನ್ವಾ ಅವರು 1912ರ ಸುಮಾರಿಗೆ ಹೆಂಪ್ ಮತ್ತು ಹಾಪ್ಸ್ ಗಿಡಗಳನ್ನು ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬೆಳೆಸಿದಾಗ, ಅವು ಇನ್ನೂ ಎಳೆಯವಾಗಿರುವಾಗಲೇ ಹೂಬಿಟ್ಟವು. 1914ರ ವೇಳೆಗೆ ಅವರು ಇದಕ್ಕೆ ಹಗಲು ಚಿಕ್ಕದಾದದ್ದಕ್ಕಿಂತ ರಾತ್ರಿ ಉದ್ದವಾದದ್ದೇ ಕಾರಣವಿರಬೇಕೆಂದು ಬರೆದರು. ಆದರೆ ಮೊದಲ ಮಹಾಯುದ್ಧದಲ್ಲಿ ಅವರು ಪ್ರಾಣ ಕಳೆದುಕೊಂಡದ್ದರಿಂದ ಆ ಸಂಶೋಧನೆ ಅಲ್ಲಿಗೇ ನಿಂತಿತು. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಅವರು ತಂಬಾಕು ಮತ್ತು ಸೋಯಾ ಬೆಳೆಗಳ ಮೇಲಿನ ಪ್ರಯೋಗಗಳಿಂದ ಈ ತತ್ತ್ವವನ್ನು ಸ್ಥಾಪಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಅವರು ದೀರ್ಘ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿಟ್ಟರೂ ಕಿರುಹಗಲಿನ ಸಸ್ಯ ಹೂಬಿಡುವುದಿಲ್ಲವೆಂದು ತೋರಿಸಿದ ಮೇಲೆ, ಗಿಡ ಅಳೆಯುವುದು ಎಡೆಬಿಡದ ಕತ್ತಲನ್ನು ಎಂಬ ಟೂರ್ನ್ವಾ ಅವರ ಊಹೆಗೆ ಪುರಾವೆ ದೊರೆಯಿತು. ಎಲೆಗಳಲ್ಲಿರುವ ಫೈಟೋಕ್ರೋಮ್ ಎಂಬ ಬಣ್ಣದ್ರವ್ಯವು ಸುಮಾರು 660 ನ್ಯಾನೋಮೀಟರ್ ತರಂಗದ ಕೆಂಪು ಬೆಳಕು ಬಿದ್ದಾಗ ಒಂದು ರೂಪಕ್ಕೂ, 730 ನ್ಯಾನೋಮೀಟರಿನ ದೂರಗೆಂಪು (ಫಾರ್-ರೆಡ್) ಬೆಳಕು ಬಿದ್ದಾಗ ಮತ್ತೊಂದು ರೂಪಕ್ಕೂ ಹೊರಳುತ್ತದೆ. ಈ ಹೊರಳುವಿಕೆಯೂ ಗಿಡದೊಳಗಿನ ದಿನಚರಿಯ ಜೈವಿಕ ಗಡಿಯಾರವೂ ಸೇರಿ ಕತ್ತಲಿನ ಅಳತೆಯನ್ನು ಸಾಧ್ಯವಾಗಿಸುತ್ತವೆ.

ಬಯಲಿನ ಬೇಸಾಯದಲ್ಲಿ ಈ ಅಳತೆಯನ್ನು ನಿರ್ಧರಿಸುವುದು ಅಕ್ಷಾಂಶ. ಗಾಂಜಾ ಬೇಸಾಯಕ್ಕೆ ಹೆಸರಾದ ಉತ್ತರ ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಪ್ರದೇಶ ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಅಲ್ಲಿ ಜೂನ್ ತಿಂಗಳ ಹಗಲು 15 ಗಂಟೆಗಳಷ್ಟು ಉದ್ದವಾಗಿರುತ್ತದೆ. ವಸಂತದಲ್ಲಿ ನೆಟ್ಟ ಸಸಿ ಬೇಸಿಗೆಯುದ್ದಕ್ಕೂ ಆಳೆತ್ತರ ಮೀರಿ ಬೆಳೆದು, ಆಗಸ್ಟ್ ಹೊತ್ತಿಗೆ ಹೂವಿಗೆ ತಿರುಗಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಇದೇ ತಳಿಯನ್ನು ಸಮಭಾಜಕ ವೃತ್ತದ ಹತ್ತಿರ ನೆಟ್ಟರೆ ಫಲಿತಾಂಶ ಬೇರೆಯೇ ಆಗುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆಯನ್ನು ಮುಟ್ಟುವುದಿಲ್ಲವಾದ್ದರಿಂದ, ಉತ್ತರದ ಗಿಡಕ್ಕೆ ಇಲ್ಲಿನ ಎಲ್ಲ ತಿಂಗಳೂ ಹೂಬಿಡುವ ಕಾಲವೆಂದೇ ತೋರಿ, ಅದು ಗಿಡ್ಡವಾಗಿರುವಾಗಲೇ ಹೂವಿಗೆ ಬಂದುಬಿಡುತ್ತದೆ. ಇದಕ್ಕೆ ವಿರುದ್ಧವಾಗಿ, ಉಷ್ಣವಲಯಕ್ಕೆ ಒಗ್ಗಿದ ತಳಿಗಳು ಕ್ಯಾಲಿಫೋರ್ನಿಯಾದಲ್ಲಿ ತಡವಾಗಿ ಹೂಬಿಟ್ಟು ಚಳಿಗೂ ಮಳೆಗೂ ಸಿಕ್ಕಿಬೀಳುತ್ತವೆ. 1970ರ ದಶಕದಲ್ಲಿ ಹಿಂದೂಕುಷ್ ಪರ್ವತ ಪ್ರದೇಶದ ಬೇಗ ಮಾಗುವ ತಳಿಗಳು ಅಲ್ಲಿಗೆ ತಲುಪಿ, ಸ್ಥಳೀಯರು ಅವುಗಳನ್ನು ಸಂಕರಗೊಳಿಸಿದ ಮೇಲೆಯೇ ಹಂಬೋಲ್ಟ್ ಬೆಟ್ಟಗಳ ಬಯಲು ಬೇಸಾಯ ಗಟ್ಟಿಯಾಯಿತು. ಆದರೂ ಅಕ್ಟೋಬರ್‌ನ ಮೊದಲ ಮಳೆಗೆ ದಟ್ಟವಾದ ಹೂಗೊಂಚಲುಗಳೊಳಗೆ ಬೂದುಬಣ್ಣದ ಬೂಷ್ಟು ಹತ್ತಿ ಇಡೀ ವರ್ಷದ ದುಡಿಮೆ ಕೊಳೆತುಹೋಗುವ ಭಯ ಅಲ್ಲಿನ ರೈತರನ್ನು ಇಂದಿಗೂ ಬಿಟ್ಟಿಲ್ಲ.

ಕೋಣೆಯೊಳಗಿನ ಬೇಸಾಯ ಈ ಎಲ್ಲ ಅನಿಶ್ಚಿತತೆಗಳನ್ನು ತೊಡೆದುಹಾಕುತ್ತದೆ. ದಿನಕ್ಕೆ 18 ಗಂಟೆ ದೀಪ ಉರಿಸಿದರೆ ಗಿಡ ಎಲೆಯ ಹಂತದಲ್ಲೇ ಉಳಿಯುತ್ತದೆ, 12 ಗಂಟೆಗೆ ಇಳಿಸಿದರೆ ಹೂವಿಗೆ ತಿರುಗುತ್ತದೆ. ಹೀಗಾಗಿ ವರ್ಷಕ್ಕೆ ಹಲವು ಬೆಳೆ ತೆಗೆಯಬಹುದು. ಆದರೆ ಅಲ್ಲಿ ಕತ್ತಲೂ ನಿಷ್ಕಳಂಕವಾಗಿರಬೇಕು. ಬಾಗಿಲ ಸಂದಿನಿಂದ ರಾತ್ರಿ ಬೆಳಕು ಸೋರಿದರೆ ಹೂಬಿಡುವಿಕೆ ಏರುಪೇರಾಗಿ, ಕೆಲವೊಮ್ಮೆ ಹೆಣ್ಣು ಗಿಡಗಳಲ್ಲೇ ಗಂಡು ಹೂಗಳು ಮೂಡಿ ಬೆಳೆಯೆಲ್ಲ ಬೀಜಗಟ್ಟುವುದುಂಟು. ಈ ಪದ್ಧತಿ ಅಮೆರಿಕದಲ್ಲಿ ಬೇರೂರಿದ್ದಕ್ಕೆ ಸಸ್ಯವಿಜ್ಞಾನಕ್ಕಿಂತ ಪೊಲೀಸರ ಭಯವೇ ಹೆಚ್ಚಿನ ಕಾರಣ ಎಂಬುದನ್ನು ಮರೆಯಬಾರದು. ಹೆಲಿಕಾಪ್ಟರುಗಳು ಬೆಟ್ಟಗಳ ಮೇಲೆ ಹಾರಾಡಿ ತೋಟಗಳನ್ನು ಹುಡುಕುತ್ತಿದ್ದ ಕಾಲದಲ್ಲಿ ಬೆಳೆಗಾರರು ನೆಲಮಾಳಿಗೆಗಳನ್ನು ಆಶ್ರಯಿಸಿದರು. 2012ರಲ್ಲಿ ಕೊಲರಾಡೊ ಮತ್ತು 2016ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯಗಳ ಮತದಾರರು ಗಾಂಜಾವನ್ನು ಕಾನೂನುಬದ್ಧಗೊಳಿಸಿದ ಮೇಲೂ ದೀಪದ ಬೇಸಾಯ ಉಳಿದುಕೊಂಡದ್ದಲ್ಲದೆ ದೊಡ್ಡ ಉದ್ಯಮವಾಗಿ ಬೆಳೆಯಿತು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಅಮೆರಿಕದ ಒಟ್ಟು ವಿದ್ಯುತ್ತಿನ ಸುಮಾರು ಶೇಕಡಾ 1ರಷ್ಟು ಒಳಾಂಗಣ ಗಾಂಜಾ ಬೇಸಾಯಕ್ಕೇ ಖರ್ಚಾಗುತ್ತಿದೆಯೆಂದು ಇಂಧನ ತಜ್ಞ ಇವಾನ್ ಮಿಲ್ಸ್ 2012ರಲ್ಲಿ ಅಂದಾಜಿಸಿದರು. ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕಿಲೋಗ್ರಾಂ ಒಣ ಹೂವಿನ ಹಿಂದೆ, ಬೆಳೆದ ಊರಿನ ಹವೆಯನ್ನು ಅವಲಂಬಿಸಿ, 2,283ರಿಂದ 5,184 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹಸಿರುಮನೆ ಅನಿಲಗಳು ವಾತಾವರಣ ಸೇರುತ್ತವೆ. ಇದರಲ್ಲಿ ದೀಪಗಳಷ್ಟೇ ಅಲ್ಲ, ಕೋಣೆಯನ್ನು ತಂಪಾಗಿಸುವ, ಬಿಸಿಯಾಗಿಸುವ ಮತ್ತು ತೇವವನ್ನು ಹೀರುವ ಯಂತ್ರಗಳ ಪಾಲೂ ಬಹಳ ದೊಡ್ಡದು. ಬಯಲಿನಲ್ಲಿ ಗಾಳಿ ಪುಕ್ಕಟೆಯಾಗಿ ಮಾಡುವ ಕೆಲಸವನ್ನು ಇಲ್ಲಿ ಯಂತ್ರಗಳು ಹಗಲಿರುಳೂ ಮಾಡಬೇಕಾಗುತ್ತದೆ.

ಹಾಗಿದ್ದರೂ ಬಯಲು ಮತ್ತು ಕೋಣೆ ಎಂಬ ಎರಡೇ ದಾರಿಗಳಿವೆ ಎಂದು ಭಾವಿಸಬೇಕಾಗಿಲ್ಲ. ಗಿಡ ಅಳೆಯುವುದು ಕತ್ತಲನ್ನಾದ್ದರಿಂದ, ಬಿಸಿಲಿನಲ್ಲೇ ಬೆಳೆದ ಗಿಡಕ್ಕೆ ಸಂಜೆಯ ಹೊತ್ತು ಕಪ್ಪು ಹೊದಿಕೆ ಎಳೆದು ರಾತ್ರಿಯನ್ನು ಉದ್ದಗೊಳಿಸಿದರೆ ಸಾಕು, ಅದು ನಡುಬೇಸಿಗೆಯಲ್ಲೇ ಹೂಬಿಡುತ್ತದೆ. ಹಂಬೋಲ್ಟ್‌ನ ಅನೇಕ ಬೆಳೆಗಾರರು ಪಾಲಿಹೌಸುಗಳಲ್ಲಿ ಹೀಗೆ ಮಾಡಿ ಮಳೆಗೆ ಮೊದಲೇ ಕೊಯ್ಲು ಮುಗಿಸುತ್ತಾರೆ. ಇದು ಕರ್ನಾಟಕದ ಹೂಬೆಳೆಗಾರರಿಗೆ ಹೊಸ ವಿದ್ಯೆಯೇನೂ ಅಲ್ಲ. ಸೇವಂತಿಗೆಯೂ ಕಿರುಹಗಲಿನ ಸಸ್ಯವೇ ಆಗಿರುವುದರಿಂದ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರೈತರು ರಾತ್ರಿ ಹೊಲದ ಮೇಲೆ ಸಾಲು ಬಲ್ಬುಗಳನ್ನು ಉರಿಸಿ ಗಿಡ ಎಳೆಯದಾಗಿರುವಾಗಲೇ ಮೊಗ್ಗು ಕಟ್ಟುವುದನ್ನು ತಡೆಯುತ್ತಾರೆ. ಅವರ ದೀಪಗಳು ಗಿಡಕ್ಕೆ ಆಹಾರ ಕೊಡುವುದಿಲ್ಲ, ಕತ್ತಲನ್ನು ತುಂಡರಿಸುತ್ತವೆ ಅಷ್ಟೆ; ಆದ್ದರಿಂದಲೇ ಮಂದವಾದ ಬಲ್ಬುಗಳಿಂದಲೂ ಕೆಲಸ ಸಾಗುತ್ತದೆ. ಸೂಚನೆಗೆ ಬೇಕಾದ ಬೆಳಕು ಅತ್ಯಲ್ಪ, ಆಹಾರಕ್ಕೆ ಬೇಕಾದ ಬೆಳಕು ಅಪಾರ ಎಂಬ ಈ ಭೇದವನ್ನು ಗಮನಿಸಿದರೆ, ಸೂರ್ಯನ ಪಾಲಿನ ಕೆಲಸವನ್ನೂ ವಿದ್ಯುತ್ತಿಗೆ ವಹಿಸಿದ್ದೇ ಒಳಾಂಗಣ ಬೇಸಾಯದ ಮೂಲ ದೋಷವೆಂಬುದು ಸ್ಪಷ್ಟವಾಗುತ್ತದೆ.

ಭಾರತದಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದು ಅಪರಾಧ. ಅಮಲಿನ ಅಂಶವಾದ ಟಿಎಚ್‌ಸಿ ಶೇಕಡಾ 0.3ಕ್ಕಿಂತ ಕಡಿಮೆಯಿರುವ ಹೆಂಪ್ ಬೇಸಾಯಕ್ಕೆ ಮೊದಲು ಪರವಾನಗಿ ಕೊಟ್ಟದ್ದು 2018ರಲ್ಲಿ ಉತ್ತರಾಖಂಡ ಸರ್ಕಾರ. ನಾರಿಗಾಗಿ ಬೆಳೆಯುವ ಹೆಂಪ್‌ಗೆ ಬೇಕಾದದ್ದು ಉದ್ದನೆಯ ಕಾಂಡ; ಅದನ್ನು ಹಿಮಾಲಯದ ತಪ್ಪಲಿನ ಬೇಸಿಗೆಯ ದೀರ್ಘ ಹಗಲುಗಳು ತಾವಾಗಿಯೇ ಒದಗಿಸುತ್ತವೆ. ಮುಂದೆ ಬೇರೆ ರಾಜ್ಯಗಳೂ ಇಂಥ ಪರವಾನಗಿ ಕೊಡಲು ಹೊರಟಾಗ ಅಮೆರಿಕದ ದೀಪದ ಕೋಣೆಗಳನ್ನು ಮಾದರಿಯಾಗಿ ಇಟ್ಟುಕೊಳ್ಳದೆ, ತಮ್ಮ ತಮ್ಮ ಅಕ್ಷಾಂಶದ ಹಗಲಿಗೆ ಒಗ್ಗುವ ತಳಿಗಳನ್ನು ಮೊದಲು ಗುರುತಿಸಬೇಕು.