ಜೊತೆಗೂಡುವ ರೋಗಾಣುಗಳು

ಒಂದು ರೋಗಕ್ಕೆ ಒಂದು ರೋಗಾಣು ಕಾರಣವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಕ್ಷಯಕ್ಕೆ ಒಂದು ಬಗೆಯ ಬ್ಯಾಕ್ಟೀರಿಯ, ದಡಾರಕ್ಕೆ ಒಂದು ಬಗೆಯ ವೈರಸ್, ಮಲೇರಿಯಕ್ಕೆ ಅನಾಫಿಲೀಸ್ ಸೊಳ್ಳೆಯ ಮೂಲಕ ರಕ್ತವನ್ನು ಸೇರುವ ಪರಾವಲಂಬಿ ಜೀವಿ. ಆದರೆ ಮನುಷ್ಯನ ದೇಹವನ್ನು ಎರಡು ರೋಗಾಣುಗಳು ಏಕಕಾಲದಲ್ಲಿ ಹೊಕ್ಕು ನೆಲೆಸುವುದೂ ಉಂಟು. ಆಗ ಒಂದು ಮಾಡಿದ ಹಾನಿ ಮತ್ತೊಂದಕ್ಕೆ ದಾರಿಯಾಗಬಹುದು. ಒಂದೇ ಕೈಯಿಂದ ಚಪ್ಪಾಳೆಯಾಗದು ಎಂಬ ಮಾತು ರೋಗಗಳ ವಿಷಯದಲ್ಲಿಯೂ ಕೆಲವೊಮ್ಮೆ ನಿಜವಾಗುತ್ತದೆ. ಇದನ್ನು ತೋರಿಸಿಕೊಟ್ಟ ಸಂಶೋಧನೆಯೊಂದು ಪೂರ್ವ ಆಫ್ರಿಕದ ಉಗಾಂಡಾ ದೇಶದಲ್ಲಿ ಆರಂಭವಾಯಿತು.

೧೯೫೭ರಲ್ಲಿ ಕಂಪಾಲಾ ನಗರದ ಮುಲಾಗೋ ಆಸ್ಪತ್ರೆಯಲ್ಲಿ ಸುಮಾರು ಐದು ವರ್ಷದ ಬಾಲಕನೊಬ್ಬನಿದ್ದನು. ಅವನ ಮೇಲಿನ ಮತ್ತು ಕೆಳಗಿನ ದವಡೆಗಳ ಎರಡು ಬದಿಗಳಲ್ಲಿಯೂ ಗಡ್ಡೆಗಳು ಬೆಳೆದು ಮುಖ ವಿಕಾರಗೊಂಡಿತ್ತು. ಐರ್ಲೆಂಡಿನಲ್ಲಿ ಜನಿಸಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅವನನ್ನು ಪರೀಕ್ಷಿಸಿದರು. ಸ್ವಲ್ಪ ಕಾಲದಲ್ಲಿಯೇ ಜಿಂಜಾ ಪಟ್ಟಣದ ಆಸ್ಪತ್ರೆಯಲ್ಲಿ ಅಂಥದೇ ಮತ್ತೊಂದು ಮಗು ಅವರ ಕಣ್ಣಿಗೆ ಬಿದ್ದಿತು. ಒಂದನ್ನು ಅಪರೂಪವೆಂದು ಬಿಟ್ಟುಬಿಡಬಹುದಾಗಿತ್ತು. ಎರಡನ್ನು ಕಂಡ ಮೇಲೆ ಬರ್ಕಿಟ್ ಸುಮ್ಮನಿರಲಿಲ್ಲ. ಹಳೆಯ ದಾಖಲೆಗಳನ್ನು ಶೋಧಿಸಿದಾಗ, ಇದು ಮಕ್ಕಳಲ್ಲಿ ಅತಿ ವೇಗವಾಗಿ ಬೆಳೆಯುವ ಒಂದು ಬಗೆಯ ಕ್ಯಾನ್ಸರ್ ಎಂದು ತಿಳಿದುಬಂದಿತು. ೧೯೫೮ರಲ್ಲಿ ಅವರು ಅದನ್ನು ಕುರಿತು ಲೇಖನ ಪ್ರಕಟಿಸಿದರು. ಮುಂದೆ ಅದಕ್ಕೆ ‘ಬರ್ಕಿಟ್ ಲಿಂಫೋಮ’ ಎಂಬ ಹೆಸರೇ ನಿಂತಿತು.

ಈ ರೋಗ ಎಲ್ಲೆಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ? ಬರ್ಕಿಟ್ ಕೇಳಿಕೊಂಡ ಪ್ರಶ್ನೆ ಇದು. ಅವರು ಆಫ್ರಿಕದ ಆಸ್ಪತ್ರೆಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿದರು. ಸಾಲದೆಂದು ೧೯೬೧ರ ಕೊನೆಯಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಹಳೆಯ ಮೋಟಾರು ಗಾಡಿಯೊಂದರಲ್ಲಿ ಹೊರಟು, ಸುಮಾರು ೧೦,೦೦೦ ಮೈಲಿ ಸಂಚರಿಸಿ, ಊರೂರಿನ ವೈದ್ಯರನ್ನು ಕಂಡು ವಿಚಾರಿಸಿದರು. ಭೂಮಧ್ಯರೇಖೆಯ ಬಳಿ ಸುಮಾರು ೫,೦೦೦ ಅಡಿಗಿಂತ ಎತ್ತರದ ಸ್ಥಳಗಳಲ್ಲಿ ರೋಗ ಕಾಣಲಿಲ್ಲ. ದಕ್ಷಿಣಕ್ಕೆ ಹೋದಂತೆ ಈ ಎತ್ತರದ ಮಿತಿ ಇಳಿಯುತ್ತ ಬಂದಿತು. ಆದುದರಿಂದ ಮುಖ್ಯವಾದುದು ಎತ್ತರವಲ್ಲ, ಅಲ್ಲಿನ ಉಷ್ಣತೆ ಎಂಬುದು ಸ್ಪಷ್ಟವಾಯಿತು. ಸೆಕೆಯೂ ಸಾಕಷ್ಟು ಮಳೆಯೂ ಇರುವ ನಾಡುಗಳಲ್ಲಿಯೇ ರೋಗ ನೆಲೆಸಿತ್ತು. ಸೊಳ್ಳೆಗಳಿಗೆ ಹಿತವಾದ ಹವೆಯೂ ಅದೇ ಅಲ್ಲವೇ? ಮಲೇರಿಯದ ಹಾವಳಿ ವರ್ಷವಿಡೀ ಇದ್ದ ಪ್ರದೇಶಗಳ ನಕ್ಷೆಯೂ ಈ ರೋಗದ ನಕ್ಷೆಯೂ ಬಹುಮಟ್ಟಿಗೆ ಹೊಂದಿಕೊಂಡುವು.

ಇನ್ನೊಂದು ಸುಳಿವು ಲಂಡನ್ನಿನಲ್ಲಿ ದೊರೆಯಿತು. ೧೯೬೧ರ ಮಾರ್ಚ್ ತಿಂಗಳಿನಲ್ಲಿ ಅಲ್ಲಿ ಬರ್ಕಿಟ್ ಮಾಡಿದ ಉಪನ್ಯಾಸವನ್ನು ಆಂಟನಿ ಎಪ್‌ಸ್ಟೈನ್ ಎಂಬ ವಿಜ್ಞಾನಿ ಕೇಳಿದ್ದರು. ಈ ಕ್ಯಾನ್ಸರಿಗೆ ವೈರಸ್ ಕಾರಣವಿರಬಹುದೆಂದು ಅವರಿಗೆ ಹೊಳೆಯಿತು. ಉಗಾಂಡಾದಿಂದ ವಿಮಾನದಲ್ಲಿ ಗಡ್ಡೆಯ ತುಣುಕುಗಳನ್ನು ತರಿಸಿಕೊಂಡು ಅವರು ಬಹುಕಾಲ ಹುಡುಕಿದರು. ೧೯೬೪ರಲ್ಲಿ ಎಪ್‌ಸ್ಟೈನ್, ಬರ್ಟ್ ಅಚಾಂಗ್ ಮತ್ತು ಇವಾನ್ ಬಾರ್ ಎಂಬ ಮೂವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತಾವು ಕಂಡ ಹೊಸ ವೈರಸ್ಸನ್ನು ಪ್ರಕಟಿಸಿದರು. ಅದೇ ಎಪ್‌ಸ್ಟೈನ್-ಬಾರ್ ವೈರಸ್.

ಆದರೆ ಇಲ್ಲೊಂದು ಒಗಟು ಎದುರಾಯಿತು. ಈ ವೈರಸ್ ಆಫ್ರಿಕಕ್ಕೆ ಮಾತ್ರ ಸೀಮಿತವಾದುದಲ್ಲ. ಎಂಜಲಿನ ಮೂಲಕ ಹರಡುವ ಇದು ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ೯೦ಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಜೀವಮಾನವಿಡೀ ಅಡಗಿರುತ್ತದೆ. ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ಹಾಗಿರುವಾಗ ಮಲೇರಿಯದ ನಾಡಿನ ಮಕ್ಕಳಲ್ಲಿಯೇ ಅದು ಇಷ್ಟು ಘೋರವಾದುದೇಕೆ?

ಉತ್ತರ ನಮ್ಮ ರಕ್ತದಲ್ಲಿದೆ. ಈ ವೈರಸ್ ಅಡಗುವುದು ಬಿ ಕೋಶಗಳೆಂಬ ಬಿಳಿಯ ರಕ್ತಕಣಗಳಲ್ಲಿ. ಟಿ ಕೋಶಗಳೆಂಬ ಬೇರೆ ಬಿಳಿಯ ಕಣಗಳು ಕಾವಲುಗಾರರಂತೆ ಅದನ್ನು ಹದ್ದಿನಲ್ಲಿಡುತ್ತವೆ. ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಮಲೇರಿಯದ ಜೀವಿ ಮಗುವನ್ನು ಮತ್ತೆ ಮತ್ತೆ ಬಾಧಿಸಿದಾಗ ಈ ಕಾವಲು ಸಡಿಲಗೊಳ್ಳುತ್ತದೆ. ಅದೇ ವೇಳೆಗೆ ಮಲೇರಿಯ ಬಿ ಕೋಶಗಳನ್ನು ಕೆರಳಿಸಿ ಮೇಲಿಂದ ಮೇಲೆ ವಿಭಜನೆಗೊಳ್ಳುವಂತೆ ಮಾಡುತ್ತದೆ. ವೈರಸ್ ಹೊತ್ತ ಕೋಶಗಳೂ ಹೆಚ್ಚುತ್ತವೆ. ಇಂಥ ಅವಸರದ ವಿಭಜನೆಯಲ್ಲಿ ಎಂದೋ ಒಮ್ಮೆ ವರ್ಣತಂತುಗಳು ತುಂಡಾಗಿ ತಪ್ಪಾಗಿ ಕೂಡಿಕೊಳ್ಳುತ್ತವೆ. ಕೋಶದ ಬೆಳವಣಿಗೆಗೆ ಅಪ್ಪಣೆ ಕೊಡುವ ಜೀನ್ ತನ್ನ ಎಡೆಯನ್ನು ಬಿಟ್ಟು, ಎಡೆಬಿಡದೆ ಕೆಲಸ ಮಾಡತೊಡಗುತ್ತದೆ. ಸಹಜವಾಗಿ ಸಾಯಬೇಕಾಗಿದ್ದ ಅಂಥ ಕೋಶವನ್ನು ವೈರಸ್ ಉಳಿಸುತ್ತದೆ. ಅಲ್ಲಿಂದ ಕ್ಯಾನ್ಸರ್ ಆರಂಭ.

ಹೀಗೆ ಬೇರೆ ಬೇರೆಯಾಗಿ ಮಾಡಲಾಗದ ಕೇಡನ್ನು ಇವೆರಡೂ ಕೂಡಿ ಮಾಡುತ್ತವೆ. ಏಡ್ಸ್ ರೋಗವನ್ನು ತರುವ ಎಚ್‌ಐವಿ ವೈರಸ್ಸಿನೊಡನೆಯೂ ಮಲೇರಿಯದ ಸಂಬಂಧ ಇಂಥದೇ. ಮಲೇರಿಯ ಜ್ವರದ ಕಾಲದಲ್ಲಿ ರಕ್ತದಲ್ಲಿ ಎಚ್‌ಐವಿಯ ಪ್ರಮಾಣ ಏರುತ್ತದೆ. ಎಚ್‌ಐವಿಯಿಂದ ಬಳಲಿದ ದೇಹಕ್ಕೆ ಮಲೇರಿಯ ಸುಲಭವಾಗಿ ತಗಲುತ್ತದೆ.

ಬರ್ಕಿಟ್ ಲಿಂಫೋಮ ಔಷಧಗಳಿಗೆ ಬೇಗನೆ ಮಣಿಯುವ ಕ್ಯಾನ್ಸರ್. ಸಕಾಲದಲ್ಲಿ ತಕ್ಕ ಚಿಕಿತ್ಸೆ ದೊರೆತರೆ ಅನೇಕ ಮಕ್ಕಳು ಗುಣಹೊಂದುತ್ತಾರೆ. ಆದರೆ ಬಡ ಹಳ್ಳಿಗಳ ಮಕ್ಕಳು ಆಸ್ಪತ್ರೆಯನ್ನು ಮುಟ್ಟುವ ವೇಳೆಗೆ ಎಷ್ಟೋ ಸಲ ಕಾಲ ಮೀರಿರುತ್ತದೆ. ಎಪ್‌ಸ್ಟೈನ್-ಬಾರ್ ವೈರಸ್ಸನ್ನು ತಡೆಯುವ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ. ಮಲೇರಿಯವನ್ನಾದರೋ ಸೊಳ್ಳೆಪರದೆ, ನಿಂತ ನೀರಿನ ನಿವಾರಣೆ, ಔಷಧಗಳಿಂದ ತಡೆಯಬಹುದು. ೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೊಂದು ಲಸಿಕೆಯನ್ನೂ ಶಿಫಾರಸು ಮಾಡಿತು. ಕೂಡಿದ ಎರಡು ಕೈಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸಿದರೂ ಸಾಕು. ಮಗುವೊಂದನ್ನು ಸೊಳ್ಳೆಯ ಕಡಿತದಿಂದ ಕಾಪಾಡಿದವರು ಜ್ವರವೊಂದರಿಂದ ಮಾತ್ರವೇ ಅದನ್ನು ಕಾಪಾಡಿದಂತಲ್ಲ.