ಕಲ್ಲುಸಕ್ಕರೆ ಮತ್ತು ಬೆಲ್ಜಿಯಮ್ಮಿನ ಬಿಯರು

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬೆಲ್ಜಿಯಮ್ಮಿನ ಗೆಂಟ್ ನಗರದಲ್ಲಿ ನೆಲಸಿದ್ದಾರೆ. ಮಂಡ್ಯದ ಕಡೆಯವರು, ಆಲೆಮನೆ ಇದ್ದ ಮನೆತನ. ಆ ದೇಶದಲ್ಲಿ ಸ್ವಂತ ಬಳಕೆಗೆಂದು ಮನೆಯಲ್ಲಿ ಬಿಯರು ತಯಾರಿಸುವ ಹವ್ಯಾಸ ಅನೇಕರಿಗುಂಟು; ಇವರಿಗೂ ಅದು ಅಂಟಿತು. ಕಳೆದ ವರ್ಷ 'ದುಬ್ಬೆಲ್' ಎಂಬ ಕಂದುಬಣ್ಣದ ಬಿಯರು ಮಾಡುವಾಗ, ಅದಕ್ಕೆ ಹೇಳಿದ್ದ ಕ್ಯಾಂಡಿ ಪಾಕದ ಬದಲು ತಾಯಿ ಕಳುಹಿಸಿದ್ದ ಅಚ್ಚುಬೆಲ್ಲವನ್ನು ಹಾಕಿದರಂತೆ. ಊರಿನ ಸವಿ ಸೀಸೆಗೆ ಇಳಿಯಲಿ ಎಂಬ ಆಸೆ. ಎರಡು ತಿಂಗಳ ಬಳಿಕ ಬಿರಡೆ ತೆಗೆದರೆ ಸಿಹಿಯ ಸುಳಿವೇ ಇಲ್ಲ. ತೆಳ್ಳನೆಯ, ತುಸು ಉಪ್ಪುಪ್ಪಾದ ರುಚಿ. "ಬೆಲ್ಲ ಎಲ್ಲಿ ಹೋಯಿತು, ಸಾರ್?" ಎಂದು ಬರೆದಿದ್ದರು. ನಾನು ಬಿಯರು ಕುಡಿಯುವವನಲ್ಲ. ಆದರೆ ಕಾಗದದಲ್ಲಿದ್ದ 'ಕ್ಯಾಂಡಿ' ಎಂಬ ಮಾತು ನನ್ನನ್ನು ಬಿಡಲಿಲ್ಲ.

ಅದು ನಮ್ಮ ಕಡೆಯಿಂದಲೇ ಹೋದ ಶಬ್ದ. ಸಂಸ್ಕೃತದ 'ಖಂಡ' ಪಾರಸಿಯಲ್ಲಿ 'ಕಂದ್' ಆಗಿ, ಅರಬ್ಬಿಯ ಮೂಲಕ ಯೂರೋಪಿಗೆ ಸಾಗಿ, ಡಚ್ ನುಡಿಯಲ್ಲಿ 'ಕಾಂಡೈ' ಆಗಿ ಕುಳಿತಿದೆ. ಅರ್ಥವೂ ಹೆಚ್ಚು ಕೆಟ್ಟಿಲ್ಲ: ನಾವು ದೇವರ ಮುಂದೆ ಇಡುವ ಕಲ್ಲುಸಕ್ಕರೆಯೇ. ಒಂದೇ ವ್ಯತ್ಯಾಸವೆಂದರೆ ಅವರದು ಕಬ್ಬಿನದಲ್ಲ, ಬೀಟ್ ಗೆಡ್ಡೆಯದು. ೧೮೦೬ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರವನ್ನು ತಡೆದ ಮೇಲೆ ಕಬ್ಬಿನ ಸಕ್ಕರೆ ದುರ್ಲಭವಾಯಿತು. ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಬೆಲ್ಜಿಯಮ್ಮಿನಲ್ಲಿಯೂ ಬೀಟಿನ ಬೆಳೆಗೆ ಪ್ರೋತ್ಸಾಹ ದೊರೆಯಿತು.

ಇನ್ನು ಬಿಯರಿಗೆ ಸಕ್ಕರೆ ಏಕೆ? ೧೯೧೯ರ ಕಾನೂನೊಂದು ಬೆಲ್ಜಿಯಮ್ಮಿನ ಪಾನಗೃಹಗಳಲ್ಲಿ ಬಟ್ಟಿಯಿಳಿಸಿದ ಮದ್ಯದ ಮಾರಾಟವನ್ನು ನಿಷೇಧಿಸಿತು. ಖಾರವಾದ ಬಿಯರಿಗೆ ಬೇಡಿಕೆ ಬಂತು. ವೆಸ್ಟ್‌ಮಾಲ್ ಮಠದ ಹೊಂಬಣ್ಣದ 'ಟ್ರಿಪೆಲ್' ೧೯೩೪ರದು. ಅದರಲ್ಲಿ ಮದ್ಯಸಾರ ಶೇಕಡ ೯.೫. ಅಷ್ಟು ಕಸುವನ್ನು ಬಾರ್ಲಿಯ ಮಾಲ್ಟಿನಿಂದಲೇ ತೆಗೆದರೆ ಪಾನೀಯ ಗಂಜಿಯಂತೆ ಮಂದವಾಗುತ್ತದೆ, ಏಕೆಂದರೆ ಮಾಲ್ಟಿನ ಒಂದಂಶವನ್ನು ಯೀಸ್ಟು ಅರಗಿಸಿಕೊಳ್ಳಲಾರದು. ಸಕ್ಕರೆಯಾದರೋ ಪೂರ್ತಿ ಅದರ ಪಾಲು. ಮದ್ಯಸಾರ ಏರುತ್ತದೆ, ಬಿಯರು ಹಗುರವಾಗಿಯೇ ಉಳಿಯುತ್ತದೆ. ನನ್ನ ಶಿಷ್ಯರ ಪ್ರಶ್ನೆಗೆ ಉತ್ತರವೂ ಇದೇ. ಬಿಯರಿನಲ್ಲಿ ಸಕ್ಕರೆ ಸಿಹಿಗಾಗಿ ಇರುವುದೇ ಅಲ್ಲ. ಆದ್ದರಿಂದ ಒಂದರ ಬದಲು ಇನ್ನೊಂದನ್ನು ಹಾಕುವಾಗ ಕೇಳಬೇಕಾದ್ದು, ಅದರಲ್ಲಿ ಸಕ್ಕರೆಯಲ್ಲದ್ದು ಏನಿದೆ ಎಂದು.

ಬಿಳಿಯ ಕ್ಯಾಂಡಿ ಹರಳಿನಲ್ಲಿ ಹಾಗೆ ಏನೂ ಇಲ್ಲ. ದುಬಾರಿ ಬೆಲೆ ತೆತ್ತು ಅದನ್ನು ತರುವ ಬದಲು ಅಡಿಗೆಮನೆಯ ಸಕ್ಕರೆಯನ್ನು ಅಷ್ಟೇ ತೂಕ ಹಾಕಿದರೆ ಟ್ರಿಪೆಲ್‌ಗೆ ಕೊರತೆಯಾಗದು. ನಿಂಬೆರಸ ಹಾಕಿ ಕಾಯಿಸಿ ಸಕ್ಕರೆಯನ್ನು ಒಡೆಯಬೇಕೆಂದು ಕೆಲವರು ಹೇಳುತ್ತಾರೆ. ಆ ಕೆಲಸವನ್ನು ಯೀಸ್ಟು ತನ್ನ ಕಿಣ್ವದಿಂದ ತಾನೇ ಮಾಡಿಕೊಳ್ಳುತ್ತದೆ.

ಕಪ್ಪು ಪಾಕದ ವಿಷಯ ಬೇರೆ. ದುಬ್ಬೆಲ್‌ನ ಬಣ್ಣ, ಒಣದ್ರಾಕ್ಷಿ ಖರ್ಜೂರಗಳ ನೆನಪು ತರುವ ಅದರ ಪರಿಮಳ, ಬಹುಮಟ್ಟಿಗೆ ಅದರಿಂದಲೇ. ಬೀಟಿನ ಕಾಕಂಬಿ ಕಹಿ, ಬಾಯಿಗೆ ಸೇರದು. ಆದ್ದರಿಂದ ಸಕ್ಕರೆಯನ್ನು ಮೊದಲು ಬೆಳ್ಳಗೆ ಶುದ್ಧಿಮಾಡಿ, ಮತ್ತೆ ಕುದಿಸಿ ಕಪ್ಪಾಗಿಸುತ್ತಾರೆ. ಆ ಪರಿಮಳ ಬೆಂಕಿಯ ಕೊಡುಗೆ. ಬೆಲ್ಲದಲ್ಲಿ ಕಬ್ಬಿನ ಹಾಲಿನ ಖನಿಜಾಂಶವೂ ಕಾಕಂಬಿಯೂ ಹೋಗದೆ ಉಳಿದಿರುತ್ತವೆ. ಬಣ್ಣ ಹೋಲುತ್ತದೆಂದು ಒಂದನ್ನು ಇನ್ನೊಂದರ ಜಾಗದಲ್ಲಿ ನಿಲ್ಲಿಸಲಾಗದು. ಬೆಲ್ಲದ ಸಿಹಿಯನ್ನು ಯೀಸ್ಟು ತಿಂದು ಮುಗಿಸಿದಾಗ ಆ ಉಪ್ಪುಗಳು ಮರೆಯಿಲ್ಲದೆ ನಾಲಗೆಗೆ ಸಿಕ್ಕುತ್ತವೆ. ತೂಕದಲ್ಲಿಯೂ ಎಚ್ಚರ ಬೇಕು: ಪಾಕದಲ್ಲಿ ನೀರಿರುವುದರಿಂದ ಒಂದು ಕಿಲೋ ಪಾಕಕ್ಕೆ ಸುಮಾರು ಮುಕ್ಕಾಲು ಕಿಲೋ ಸಕ್ಕರೆ ಸಾಕು.

ಇಷ್ಟನ್ನೂ ನಾನು ಬರೆದು ಕಳುಹಿಸಿದೆ. ಈ ಸಲ ಅವರು ಇಪ್ಪತ್ತು ಲೀಟರಿಗೆ ಕಪ್ಪು ಪಾಕವನ್ನೇ ಹಾಕಿ, ಕುದಿ ಮುಗಿಯುವ ಹೊತ್ತಿಗೆ ಒಂದೇ ಒಂದು ಅಚ್ಚು ಬೆಲ್ಲವನ್ನು ಕರಗಿಸಿದ್ದಾರೆ. ಸೀಸೆಗಳು ಇನ್ನೂ ನೆಲಮಾಳಿಗೆಯಲ್ಲಿವೆಯಂತೆ.